ಗುರುವಾರ ಐದೂವರೆ

ಒಂದನ್ನು ಅಳಿಸಹೊರಟೆ. ಬರುವ ಗುರುವಾರದ್ದು, ಒಂದೇ.
ಕಂಪ್ಯೂಟರು ಕೇಳಿತು: ಇದೊಂದೋ, ಇನ್ನು ಮುಂದಿನವೋ, ಎಲ್ಲವೋ?
ಸಿಟ್ಟಿನಲ್ಲಿದ್ದವಳ ಬೆರಳಿಗೆ
ಮೂರನೆಯದೇ ಹತ್ತಿರ ಸಿಕ್ಕಿತು.

ಹನ್ನೊಂದು ವರ್ಷದ ಗುರುವಾರಗಳು
ಬೋರ್ಡು ಒರೆಸಿದ ಹಾಗೆ ಹೋದವು,
ಸೀಮೆಸುಣ್ಣದ ಪುಡಿಯೂ ಉಳಿಯದೆ.
ಬುಧವಾರ ಇತ್ತು: ಗ್ಯಾಸ್ ಬುಕ್ ಮಾಡು.
ಶುಕ್ರವಾರ ಇತ್ತು: ಹಲ್ಲಿನ ಡಾಕ್ಟರು.
ನಡುವೆ ಕಿತ್ತ ಹಲ್ಲಿನ ಜಾಗ,
ನಾಲಿಗೆ ಮತ್ತೆ ಮತ್ತೆ ಹೋಗಿ ಮುಟ್ಟುವಂಥದ್ದು.

ರುಖಿಯಾ ಜೊತೆ ಕುಕ್ಕರಹಳ್ಳಿ ಕೆರೆ, ಬೆಳಿಗ್ಗೆ ಐದೂವರೆ.
ಮೊದಲ ಸಲ ಬರೆದದ್ದು ಇಷ್ಟೇ.
ಪ್ರತಿ ವಾರ, ಅಂದಿದ್ದೆ. ಎಲ್ಲಿಯವರೆಗೆ ಅಂದಾಗ
ಆ ಚೌಕ ಖಾಲಿ ಬಿಟ್ಟಿದ್ದೆ.

ರೈಲ್ವೆ ವರ್ಕ್‌ಶಾಪಿನ ಲೆಕ್ಕದ ಶಾಖೆಯಲ್ಲಿ
ಮೂವತ್ತೊಂದು ವರ್ಷ ಎದುರುಬದುರು ಕೂತವರು ನಾವು.
ಅಭ್ಯಾಸ ಬಿಡುತ್ತದೆಯೇ? ಪ್ರತಿ ಗುರುವಾರದ ಕೆಳಗೆ
ಸಣ್ಣಕ್ಷರದಲ್ಲಿ ಒಂದು ಷರಾ:
ಎಳನೀರು, ಅವಳು ಕೊಟ್ಟಳು.
ಹೆಜ್ಜಾರ್ಲೆ ಮೂರು, ಮರಿ ಇದೆಯಂತೆ.
ಎಳನೀರು, ನಾನು.
ಅವಳ ತಮ್ಮನ ಆಪರೇಷನ್. ಎರಡು ಸುತ್ತು, ಮಾತಿಲ್ಲ.

ಅವಳ ಫೋನಿಗೂ ಹೋಗುತ್ತಿದ್ದವು ಇವೆಲ್ಲ.
ಹನ್ನೊಂದು ವರ್ಷ ಓದದವಳು ಒಂದು ದಿನ ಓದಿದಳು.
'ಎಳನೀರಿಗೂ ಲೆಕ್ಕ ಇಡ್ತೀಯಲ್ಲೇ,
ನೀನು ಸ್ನೇಹಿತೆಯೋ, ಆಡಿಟ್ಟೋ?'
ನಗುತ್ತಲೇ ಅಂದಳು. ನಾನು ನಗಲಿಲ್ಲ.
ನಾನೂ ಒಂದು ಅಂದೆ. ಅದನ್ನಿಲ್ಲಿ ಬರೆಯುವುದಿಲ್ಲ,
ಬರೆದರೆ ಅದಕ್ಕೂ ಬ್ಯಾಕಪ್ಪಾಗಿಬಿಡುತ್ತದೆ.

ಅಗ್ರಹಾರದಿಂದ ಚಲುವರಾಜು ಬಂದ.
ಗುಂಡಿ, ಹುಕ್ಕು ಹಾಕಿಡುವ ಡಬ್ಬಿಯಿಂದ
ಹಳೇ ಹಾರ್ಡ್ ಡಿಸ್ಕು ತೆಗೆದುಕೊಟ್ಟೆ.
'ಮಾರ್ಚಲ್ಲಿ ಮಾಡಿದ್ದು ಒಂದು ಅದೆ ಮೇಡಮ್ಮೋರೆ.
ಇದನ್ನ ಎಳುದ್ರೆ ಹಿಂದಿಂದೂ ಬತ್ತದೆ, ಮುಂದಿಂದೂ ಬತ್ತದೆ.'
ಹಿಂದಿನದು ಮಾತ್ರ ಸಾಕಪ್ಪಾ, ಅಂದೆ.
ತಲೆ ಕೆರೆದುಕೊಂಡ.
'ಎರಡೂ ಒಂದೇ ದಾರ ಕಣಮ್ಮ.'

ಡಿಸ್ಕು ಗೊರಗೊರ ಅಂದಿತು. ಹೊತ್ತಾಯಿತು.
ಕಾಫಿ ಮಾಡಿದೆ, ಸಕ್ಕರೆ ಎರಡು ಸಲ ಹಾಕಿದೆ.
ಬಂದವು. ಗುರುವಾರ, ಗುರುವಾರ, ಗುರುವಾರ,
ಕೆರೆ ಏರಿಯ ಮೇಲೆ ಒಂದರ ಹಿಂದೊಂದು ದೀಪ ಹತ್ತಿದ ಹಾಗೆ.

ಆದರೆ ಐದೂವರೆ ಇದ್ದದ್ದು ಹನ್ನೆರಡಾಗಿತ್ತು, ನಡುರಾತ್ರಿ.
'ಲಂಡನ್ ಗಂಟೆಗೆ ಕೂತವೆ' ಅಂದ.
ಹಾಗಾದರೆ ಹನ್ನೊಂದು ವರ್ಷ ನಾವಿಬ್ಬರೂ
ಮಫ್ಲರು ಸುತ್ತಿಕೊಂಡು, ಬೀಗ ಬಿದ್ದ ಗೇಟಿನೊಳಗೆ
ದೆವ್ವಗಳ ಹಾಗೆ ಸುತ್ತು ಹಾಕಿದ್ದೆವು;
ಎಳನೀರು ಕೊಚ್ಚುವವನೂ ದೆವ್ವವೇ ಇರಬೇಕು.
ನಕ್ಕೆ. ನಗು ಹಂಚಿಕೊಳ್ಳಲು
ಚಲುವರಾಜುವೇ ಸಿಕ್ಕ. ಅವನಿಗೆ ಅರ್ಥವಾಗಲಿಲ್ಲ.

ಹೊರಡುವಾಗ ಚಪ್ಪಲಿ ಮೆಟ್ಟುತ್ತ ಅಂದ:
'ಇದ್ರಲ್ಲಿ ಇನ್ನೊಬ್ರ ಹೆಸರೂ ಇತ್ತಲ್ವಾ,
ವಾಪಸ್ ಬರೋವಾಗ ಅವ್ರಿಗೂ ಹೊಸದಾಗಿ ಕರೆ ಹೋಗಿರ್ತದೆ.'
ಎಷ್ಟು?
'ಎಷ್ಟು ಗುರುವಾರವೋ, ಅಷ್ಟು.'

ಐನೂರ ಎಪ್ಪತ್ತು ಚಿಲ್ಲರೆ. ಲೆಕ್ಕ ತಾನಾಗಿಯೇ ಬಂತು.
ಆ ಸಂಜೆ ರುಖಿಯಾಳ ಫೋನು
ಮಿಡತೆ ಹೊಕ್ಕ ಡಬ್ಬಿಯಂತೆ ಕುಣಿದಿರಬೇಕು.
ನಾನು ಲೈಟು ಆರಿಸಿ, ಎಂಟಕ್ಕೇ ಮುಸುಕೆಳೆದೆ.

ಶುಕ್ರವಾರ ಹಲ್ಲಿನ ಡಾಕ್ಟರಲ್ಲಿಗೆ ಹೋಗಿಬಂದೆ.
ಶನಿವಾರ, ಅನ್ನಕ್ಕೆ ಇಟ್ಟಿದ್ದಾಗ, ಒಂದಕ್ಕೆ ಉತ್ತರ ಬಂತು.

ಬರುವ ವಾರದ್ದಕ್ಕಲ್ಲ.
ಎರಡು ಸಾವಿರದ ಹದಿನೇಳು, ಜುಲೈ ಹದಿಮೂರು.
ಷರಾ: ಸೋನೆ. ಒಂದೇ ಕೊಡೆ. ಎಳನೀರಿನವನು ಬಂದಿಲ್ಲ.
'ಬರುತ್ತೇನೆ' ಒತ್ತಿದ್ದಾಳೆ.
ಕೆಳಗೆ ಅವಳದೊಂದು ಸಾಲು:
'ರಾತ್ರಿ ಹನ್ನೆರಡಕ್ಕೆ ಗೇಟು ತೆಗೀತಾನೇನೇ ಆ ವಾಚ್‌ಮನ್ನು?'